ಅಕ್ಕನ ಹೃದಯಕ್ಕೆ ಅರ್ಧ ಲೋಟ

ಕೆಟ್ಟ ಆಸೆಗೆ ಒಳ್ಳೆಯ ಕಾರಣ ಹುಡುಕಲು ಓದು ಬೇಕಾಗಿಲ್ಲ. ಐದನೇ ಕ್ಲಾಸಿಗೇ ಸ್ಲೇಟು ಎಸೆದು ಮಗ್ಗದ ಗುಂಡಿಗೆ ಇಳಿದ ನನಗೇ ಆ ವಿದ್ಯೆ ಇಷ್ಟು ಚೆನ್ನಾಗಿ ಬರುತ್ತದೆ ಅಂದಮೇಲೆ ಕಾಲೇಜು ಓದಿದವರ ಮಾತು ಕೇಳಬೇಕೇ? ನನಗೆ ವೈನ್ ಕುಡಿಯುವ ಆಸೆಯಾಗಿತ್ತು. ಬ್ರಾಂದಿ ಕುಡಿದರೆ ತಮಿಳುನಾಡಿನ ಎಡಪ್ಪಾಡಿಯ ನಮ್ಮ ನೇಕಾರರ ಬೀದಿಯಲ್ಲಿ ಕುಡುಕ ಅನ್ನುತ್ತಾರೆ. ವೈನ್ ಅಂದರೆ ಏನೋ ಮರ್ಯಾದಸ್ಥರ ಪಾನೀಯ. ಅಷ್ಟರಲ್ಲಿ ಫೋನಿನಲ್ಲಿ ಬಿಳಿ ಕೋಟಿನವರೊಬ್ಬರು, ಕೆಂಪು ದ್ರಾಕ್ಷಿಯ ಸಿಪ್ಪೆಯಲ್ಲಿ ಹೃದಯಕ್ಕೆ ಬೇಕಾದ್ದು ಏನೋ ಇದೆ, ವೈನ್‌ನಲ್ಲೂ ಅದು ಇರುತ್ತದೆ ಎಂದರು. ಅವರು ‘ಆದರೆ’ ಎನ್ನುವಷ್ಟರಲ್ಲಿ ನಾನು ಫೋನು ಆರಿಸಿ ಅಂಗಿ ತೊಡುತ್ತಿದ್ದೆ.

ಒಬ್ಬನೇ ಕುಡಿಯಲು ಅಳುಕು. ಮನೆಯಲ್ಲಿ ಅಕ್ಕ ಇದ್ದಳು. ಗಂಡ ತೀರಿಕೊಂಡ ಮೇಲೆ ನನ್ನ ಜೊತೆಗೇ ಇರುವ ಚೌಡಮ್ಮಕ್ಕ ಬಿಪಿ ಮಾತ್ರೆ ನುಂಗುತ್ತಾಳೆ. ಬಿಪಿ ಅಂದರೆ ಹೃದಯದ ವಿಷಯವೇ ತಾನೇ? ಅಂಗಡಿಯಿಂದ ತಂದ ಬಾಟಲಿಯ ಚೀಟಿ ಕಿತ್ತು, “ಟಾನಿಕ್ಕು ಕಣಕ್ಕಾ” ಎಂದೆ. ಮಧ್ಯಾಹ್ನದ ಊಟವಾದ ಮೇಲೆ ಅವಳಿಗೆ ಅರ್ಧ ಲೋಟ. ಔಷಧಿ ಕೆಟ್ಟಿಲ್ಲವಷ್ಟೇ ಎಂದು ಪರೀಕ್ಷಿಸಲು ನನಗೆ ಒಂದೂವರೆ. ಮೊದಲ ದಿನ, “ಥೂ, ಉಣ್ಸೆಹಣ್ಣು ಕೊಳೆತಂಗೈತೆ” ಎಂದಳು. ನಾಲ್ಕನೇ ದಿನ ಅವಳೇ ಲೋಟ ತೊಳೆದುಕೊಂಡು ಬಂದು, “ಲೇ ನಂಜಾ, ಟಾನಿಕ್ ಎಲ್ಲಿಲಾ?” ಎಂದು ಕೇಳಿದಳು. ಹೃದಯ ಸುಧಾರಿಸುತ್ತಿದೆ ಅಂದುಕೊಂಡೆ.

ಅದೇ ವಾರ ಮಗ್ಗಕ್ಕೆ ಸೀರೆಯ ಉದ್ದೆಳೆಗಳ ಹೊಸ ಹಾಸು ಏರಿಸಿದೆವು. ಮುಗಿದ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಸೇರಿಸಿ, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯಬೇಕು. ಇದಕ್ಕೆ ಕೆಚ್ಚುವುದು ಅನ್ನುತ್ತಾರೆ. ಸಾವಿರಾರು ಎಳೆ. ಅಕ್ಕ ಹುಡುಗಿಯಾಗಿದ್ದಾಗಿನಿಂದ ಕೆಚ್ಚುತ್ತಿದ್ದಾಳೆ, ಒಂದೆಳೆಯೂ ತಪ್ಪಿದ್ದಿಲ್ಲ. ಈ ಸಲ ನಾನು ಒಂದು ಗೇಣು ನೆಯ್ದು ನೋಡಿದರೆ ಅಂಚಿನ ಕೆಂಪು ಎಳೆಗಳು ಸೀರೆಯ ಹಸಿರು ಒಡಲಿನಲ್ಲಿ ನೆಂಟರ ಮನೆಗೆ ಬಂದಂತೆ ಅಲ್ಲಲ್ಲಿ ಕೂತಿದ್ದವು.

ಅಕ್ಕ ಬೂದಿಯ ಬಟ್ಟಲನ್ನು ಮೂಲೆಗೆ ಸರಿಸಿ, “ನನ್ ಕಣ್ಣು ಓಯ್ತು ಕಣ್ಲಾ. ಇನ್ಮೇಲೆ ಕೆಚ್ಚಾಕೆ ಬ್ಯಾರೆಯೋರ್ನ ನೋಡ್ಕೊ” ಎಂದು ಗೋಡೆಯ ಕಡೆ ತಿರುಗಿ ಕೂತಳು. ಆಗಲೂ ನಾನು ಟಾನಿಕ್ಕಿನ ಗುಟ್ಟು ಬಿಟ್ಟುಕೊಡಲಿಲ್ಲ. ಮರುದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಪರೀಕ್ಷಿಸಿ ಕಣ್ಣು ಚೆನ್ನಾಗಿದೆ ಎಂದರು. ಅಕ್ಕನ ಮುಖ ಇನ್ನೂ ಸಣ್ಣದಾಯಿತು. “ಅಂಗಾರೆ ತಲೆ ಕೆಟ್ಟೈತೆ” ಎಂದಳು. ನಾನು ಡಾಕ್ಟರಮ್ಮನ ಮೇಜನ್ನು ನೋಡುತ್ತಾ ಎಲ್ಲವನ್ನೂ ಒದರಿಬಿಟ್ಟೆ.

“ಅಡ ಪಾವಿ!” ಎಂದು ನನ್ನನ್ನು ಪಾಪಿ ಮಾಡಿದರು ಡಾಕ್ಟರಮ್ಮ. ಆಮೇಲೆ ನಾನು ಫೋನಿನಲ್ಲಿ ಆರಿಸಿದ್ದ ‘ಆದರೆ’ಯನ್ನು ತಮಿಳಿನಲ್ಲಿ ಪೂರ್ತಿಯಾಗಿ ಕೇಳಿಸಿದರು. ಬಿಪಿ ಮಾತ್ರೆಯ ಮೇಲೆ ವೈನ್ ಬಿದ್ದರೆ ತಲೆ ಸುತ್ತುತ್ತದೆ, ಮಗ್ಗದ ಗುಂಡಿಯೊಳಗೆ ಬಿದ್ದು ಸೊಂಟ ಮುರಿದಿದ್ದರೆ? ದಿನವೂ ಕುಡಿದರೆ ಬಿಪಿಯೇ ಏರುತ್ತದೆ, ಲಿವರ್ ಬೇರೆ ಕೆಡುತ್ತದೆ. ದ್ರಾಕ್ಷಿಯ ಗುಣ ಬೇಕಾದರೆ ದ್ರಾಕ್ಷಿಯನ್ನೇ ತಿನ್ನಬಹುದು. ಹೃದಯಕ್ಕಾಗಿ ಕುಡಿತ ಶುರು ಮಾಡಬೇಕಾಗಿಲ್ಲ. ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ.

ನಾನು ಅಕ್ಕನ ಕಡೆ ನೋಡಲಾರದೆ ನಿಂತಿದ್ದೆ. ಅವಳು ಎದ್ದು ನನ್ನ ತಲೆಗೆ ಒಂದು ಬಿಟ್ಟಳು. ಆಮೇಲೆ ಆಸ್ಪತ್ರೆಯವರೆಲ್ಲ ತಿರುಗಿ ನೋಡುವ ಹಾಗೆ ನಕ್ಕಳು. “ನನ್ ಕಣ್ಣೂ ಚೆನ್ನಾಗೈತೆ, ತಲೇನೂ ಚೆನ್ನಾಗೈತೆ. ಕೆಟ್ಟಿರೋದು ನೀನೊಬ್ನೇ ಕಣ್ಲಾ!” ನನ್ನನ್ನು ಯಾರೂ ಅಷ್ಟು ಸಂತೋಷದಿಂದ ಬೈದಿರಲಿಲ್ಲ.

ಮನೆಗೆ ಬಂದವಳೇ ಬಾಟಲಿಯನ್ನು ಮೋರಿಗೆ ಸುರಿದಳು. ತಪ್ಪಿದ ಎಳೆಗಳನ್ನೆಲ್ಲ ಕತ್ತರಿಸಿ, ಮೈಯಿಂದ ವೈನ್ ಇಳಿಯಲಿ ಎಂದು ಮೂರು ದಿನ ಬಿಟ್ಟು, ಮತ್ತೆ ಕೆಚ್ಚಲು ನನ್ನನ್ನೂ ಎದುರಿಗೆ ಕೂರಿಸಿಕೊಂಡಳು. ಆ ಅಂಚಿನಿಂದ ಅವಳು, ಈ ಅಂಚಿನಿಂದ ನಾನು. ಸಂಜೆಯ ಹೊತ್ತಿಗೆ ಅವಳ ಕಡೆ ಒಂದೆಳೆಯೂ ತಪ್ಪಿರಲಿಲ್ಲ. ನನ್ನ ಕಡೆಯ ಮೇಲೆ ಬೆರಳಾಡಿಸುತ್ತಾ ಹೋದವಳು ಗೇಣುಗೇಣಿಗೂ ತಪ್ಪೆಳೆ ಸಿಕ್ಕಿ ನಿಂತು, ಕೊನೆಗೆ ತಲೆಯೆತ್ತಿ ನನ್ನನ್ನು ನೋಡಿದಳು.

“ಇವತ್ತೂ ಕುಡ್ದಿದ್ಯೇನ್ಲಾ?”

ನಾನು ಒಂದು ಹನಿಯೂ ಮುಟ್ಟಿರಲಿಲ್ಲ. ಆದರೂ ಹುಟ್ಟಿನಿಂದ ನೇಯ್ಗೆಯವನೆಂಬ ಮಾನ ಉಳಿಸಿಕೊಳ್ಳಬೇಕಲ್ಲ, ತಲೆ ತಗ್ಗಿಸಿ, “ಸ್ವಲ್ಪ” ಎಂದೆ.