ಕೆರೆಗೆ ನೂಕಿದವರು ಯಾರು?

ಗಾದಿ ಅಂಗಡಿಯ ಜಾಫರನಿಗೆ ಇದ್ದದ್ದು ಒಂದೇ ಚಟ, ಕಾದಂಬರಿ. ಅದರಲ್ಲೂ ದೆವ್ವದ್ದು, ಕೊಲೆಯದ್ದು. ಇದ್ದ ದೋಷವೂ ಒಂದೇ, ನಿದ್ದೆ. ದಾವಣಗೆರೆಯ ತನ್ನ ಅಂಗಡಿಯಲ್ಲಿ ಅರಳೆಯ ರಾಶಿಗೆ ಒರಗಿ ಪುಸ್ತಕ ಹಿಡಿದರೆ ಇನ್ನೇನು ಕೊಲೆಗಾರ ಸಿಕ್ಕಿಬೀಳಬೇಕು, ಅಷ್ಟರಲ್ಲಿ ಅರಳೆ ತನ್ನ ಕೆಲಸ ಮುಗಿಸಿಬಿಡುತ್ತಿತ್ತು.

ಆ ಭಾನುವಾರವೂ ಹಾಗೇ ಆಯಿತು. ಹರಿಹರದಲ್ಲಿ ಓದುಗರ ಬಳಗವೊಂದರ ಸಭೆ. ಹದಿಹರೆಯದವರಿಗಾಗಿ ಬರೆದ ಹೊಸ ಕಾದಂಬರಿಯೊಂದರ ಬಗ್ಗೆ ಜಾಫರ್ ಮಾತಾಡಬೇಕಿತ್ತು. ಆ ಬಳಗದಲ್ಲಿದ್ದ ಅಕ್ಕನ ಮಗಳು ಆಲಿಯಾ, "ನಮ್ಮ ಮಾಮೂ ಓದದೇ ಇರೋ ಕೊಲೆನೇ ಇಲ್ಲ" ಎಂದು ಎಲ್ಲರಿಗೂ ಹೇಳಿ, ತಾನಿನ್ನೂ ಓದಿರದ ತನ್ನ ಪ್ರತಿಯನ್ನೇ ಕಳಿಸಿಕೊಟ್ಟಿದ್ದಳು. ಜಾಫರ್ ಎಲ್ಲವನ್ನೂ ಓದಿದ್ದ, ಕೊನೆಯ ಅಧ್ಯಾಯವೊಂದನ್ನು ಬಿಟ್ಟು. ಬೆಳಿಗ್ಗೆ ಅದನ್ನು ಮುಗಿಸಲು ಕೂತವನನ್ನು ಹೆಂಡತಿ ಹಜೀರಾಬೀ ಅಲುಗಾಡಿಸಿದಾಗ ಪುಸ್ತಕ ಎದೆಯ ಮೇಲಿತ್ತು, ಬಾಯಿ ತೆರೆದಿತ್ತು.

"ಏಳ್ರಿ! ಸಭೆ ಅಲ್ಲೈತೆ, ಭಾಷಣ ಇಲ್ಲಿ ಗೊರಕೆ ಹೊಡೀತಾ ಐತೆ!"

ಬಸ್ಸಿನಲ್ಲಿ ಓದಿದರಾಯಿತೆಂದು ಜಾಫರ್ ಓಡಿದ. ಸೀಟೂ ಸಿಕ್ಕಿತು. ಆದರೆ ಕಿಟಕಿಯ ಪಕ್ಕದಲ್ಲಿ ನಿಜಲಿಂಗಪ್ಪ ಬಡಾವಣೆಯ ಶಕುಂತಲಮ್ಮ ಕೂತಿದ್ದರು. ಅಂಗಡಿಯ ಹಳೆಯ ಗಿರಾಕಿ. ದೊಡ್ಡಬಾತಿಯಲ್ಲಿ ತಂಗಿಯ ಮನೆಗೆ ಹೊರಟಿದ್ದರು.

"ಏನ್ರಿ ಜಾಫರ್‌ಸಾಬ್ರೆ, ಹುಡುಗ್ರು ಓದೋ ಪುಸ್ತಕ ಹಿಡ್ಕಂಡೀರಿ?"

"ಹದಿನಾರು ವರ್ಷದ ಹುಡುಗಿ ಹೆದರಿಕೆ, ನನ್ನಂಥೋನ ಹೆದರಿಕೆ ಎರಡೂ ಒಂದೇ ಅಮ್ಮಾರೆ. ಅವಳು ಬಾಯಿಬಿಟ್ಟು ಹೇಳ್ತಾಳೆ, ನಾವು ಬಿ.ಪಿ. ಅಂತೀವಿ."

"ಕತೆ ಏನು?"

ಕತೆ ಕೇಳಿದವರಿಗೆ ಇಲ್ಲ ಎನ್ನುವುದು ಜಾಫರನಿಂದ ಆಗದ ಕೆಲಸ. ಕೆರೆಯ ದಂಡೆಯಲ್ಲೊಂದು ಹಾಸ್ಟೆಲು. ಅಲ್ಲಿಯ ಹುಡುಗಿಯೊಬ್ಬಳ ಜೀವದ ಗೆಳತಿಯನ್ನು ಯಾರೋ ಕೆರೆಗೆ ನೂಕಿದ್ದಾರೆ. ದಿನವೂ ಸಂಜೆ ನೀರಿನಿಂದ ಆ ಗೆಳತಿಯ ದನಿ ಈ ಹುಡುಗಿಯನ್ನು ಹೆಸರು ಹಿಡಿದು ಕರೆಯುತ್ತದೆ. ವಾರ್ಡನ್ ಮೇಲೆ ಅನುಮಾನ, ಅಡುಗೆಯವನ ಮೇಲೆ ಅನುಮಾನ, ಸಂಗೀತದ ಮೇಷ್ಟ್ರ ಮೇಲಂತೂ ಬಹಳ ಅನುಮಾನ.

"ಕೊನಿಗೆ ಯಾರಂತೆ? ಕೊಡ್ರಿ ಇಲ್ಲಿ, ನಾನು ಯಾವಾಗ್ಲೂ ಕೊನೆ ಪುಟನೇ ಮೊದ್ಲು ನೋಡೋದು."

"ಬ್ಯಾಡ್ರಿ ಅಮ್ಮಾರೆ! ಅದು ಬೀಗರ ಮನಿಗೆ ಹೋಗಿ, ಊಟಕ್ಕೆ ಮೊದ್ಲೇ ಎಲೆಅಡಿಕೆ ಹಾಕ್ಕಂಡಂಗೆ!"

ಅಷ್ಟರಲ್ಲಿ ಪುಸ್ತಕ ಅವರ ಕೈಯಲ್ಲಿತ್ತು. ಬೆಳಕಿಗೆಂದು ಕಿಟಕಿಯ ಹೊರಗೆ ಚಾಚಿ ಕೊನೆಯ ಪುಟ ಬಿಡಿಸಿದರು. ಕಣ್ಣು ಅಗಲವಾಯಿತು. "ಅಯ್ಯೋ ಶಿವನೇ! ಇವರಾ?" ಎಂದು ಎರಡೂ ಕೈಯನ್ನು ಕೆನ್ನೆಗೆ ಒಯ್ದರು. ಬಸ್ಸು ಆಗ ಭದ್ರಾ ನಾಲೆಯ ಸೇತುವೆ ದಾಟುತ್ತಿತ್ತು. ಪುಸ್ತಕ ಬಿಳಿ ಕೊಕ್ಕರೆಯಂತೆ ರೆಕ್ಕೆ ಬಿಚ್ಚಿ ನೀರಿಗಿಳಿದು, ಭತ್ತದ ಗದ್ದೆಗಳ ಕಡೆಗೆ ತೇಲಿ ಹೊರಟಿತು.

"ತಪ್ಪಾತು ಸಾಬ್ರೆ! ಹೋಗ್ಲಿ ಬಿಡ್ರಿ, ನಾನು ಓದೀನಲ್ಲ, ಹೇಳ್ತೀನಿ. ಅವಳನ್ನ ನೂಕಿದ್ದು..."

"ಹೇಳಬ್ಯಾಡ್ರಿ!" ಜಾಫರ್ ಎರಡೂ ಕಿವಿ ಮುಚ್ಚಿಕೊಂಡ. ಇನ್ನೊಬ್ಬರ ಬಾಯಿಂದ ಕೊಲೆಗಾರನ ಹೆಸರು ಕೇಳುವುದು ಓದುಗನಿಗೆ ಅವಮಾನ ಎಂಬುದು ಅವನ ಬಹುಕಾಲದ ಅಭಿಪ್ರಾಯ. ದೊಡ್ಡಬಾತಿಯಲ್ಲಿ ಶಕುಂತಲಮ್ಮ ಇಳಿದು ಹೋಗುವವರೆಗೂ ಅವನು ಕಿವಿಯಿಂದ ಕೈ ತೆಗೆಯಲಿಲ್ಲ. ಕಿವಿ ಮುಚ್ಚಿದ ಮೇಲೆ ಕಣ್ಣೂ ತಾನಾಗಿ ಮುಚ್ಚಿತು.

ಕನಸಿನಲ್ಲಿ ನಾಲೆ ಹರಡಿ ಕೆರೆಯಾಯಿತು, ಕೊಂಡಜ್ಜಿಯ ಕೆರೆಯಷ್ಟು ಅಗಲ. ನೀರಿನ ತುಂಬ ಅರಳೆ ತೇಲುತ್ತಿತ್ತು. ಮುಳುಗಿದ ಹುಡುಗಿ ಅದರ ಮೇಲೆ ಒದ್ದೆಯಾಗದೆ ನಡೆದು ಬಂದು, ತನ್ನ ಗೆಳತಿಗೆ ಹೇಳಿದಳು: "ಸತ್ತಿದ್ದು ನಾನಲ್ಲ ಕಣೇ, ನೀನು. ನೀರಿನೊಳಗೆ ಇರೋಳು ನೀನು. ದಿನಾ ಸಂಜೆ ದಂಡೆ ಮೇಲೆ ನಿಂತು ಕರೀತಿರೋಳು ನಾನು." ಜಾಫರನ ಕಣ್ಣಲ್ಲಿ ನೀರು ಬಂತು.

"ಹರಿಹರ, ಹರಿಹರ! ಯಾರೀ ಮಲಗಿದೋರು?" ಎಂದ ಕಂಡಕ್ಟರ್.

ನಿಲ್ದಾಣದಲ್ಲಿ ಇಳಿದಾಗ ಜಾಫರನ ಅಭಿಪ್ರಾಯ ಸ್ವಲ್ಪ ಸಡಿಲವಾಗಿತ್ತು. ಶಕುಂತಲಮ್ಮನವರಿಗೆ ಫೋನು ಮಾಡಿದ.

"ಅಮ್ಮಾರೆ, ಅದು ಯಾರು ಅಂತ ಹೇಳಿಬಿಡ್ರಿ."

"ಇಲ್ಲ ಸಾಬ್ರೆ. ನೀವು ಕಿವಿ ಮುಚ್ಕಂಡಿದ್ದು ನೋಡಿ ನಂಗೆ ಬುದ್ಧಿ ಬಂತು. ಇನ್ನು ಮ್ಯಾಲೆ ಯಾರಿಗೂ ಕೊನೆ ಹೇಳಬಾರದು ಅಂತ ಇಲ್ಲೇ ಗುಡೀಲಿ ಕಾಯಿ ಒಡೆಸಿದೀನಿ." ಫೋನು ಕಟ್ಟಾಯಿತು.

ಸಭಾಂಗಣ ತುಂಬಿತ್ತು. ಬಾಗಿಲಲ್ಲೇ ಆಲಿಯಾ ಹಿಡಿದುಕೊಂಡಳು. "ಮಾಮೂ, ಖುಷಿ ಸುದ್ದಿ. ಬರೆದವರೇ ಬಂದಾರೆ! ಸ್ನೇಹಾ ಮೇಡಂ. ಮುಂದಿನ ಸಾಲು, ಹಸಿರು ಸೀರೆ."

ಜಾಫರ್ ಮುಂದಿನ ಸಾಲಿನ ಕಡೆ ನೋಡದೆ, ಗೋಡೆಯ ಬದಿಯಿಂದಲೇ ವೇದಿಕೆ ಹತ್ತಿದ.

ಅಧ್ಯಕ್ಷತೆ ಭಾನುವಳ್ಳಿಯ ನಿವೃತ್ತ ಮೇಷ್ಟ್ರು ಜಂಬಯ್ಯನವರದು. "ಪತ್ತೇದಾರಿ ಓದಿದ್ರೆ ಹುಡುಗ್ರು ಕಳ್ಳರಾಗ್ತಾರೆ, ದೆವ್ವದ್ದು ಓದಿದ್ರೆ ಹೇಡಿಗಳಾಗ್ತಾರೆ. ಇದರಲ್ಲಿ ಎರಡೂ ಐತಂತೆ. ನಾನಂತೂ ಮುಟ್ಟಿಲ್ಲ" ಎಂದು ಅವರು ಮೈಕನ್ನು ಜಾಫರನಿಗೆ ಕೊಟ್ಟರು.

ಜಾಫರ್ ಎದ್ದ. ಮೊದಮೊದಲು ತಡವರಿಸಿದ. ದೆವ್ವ ಎಂದರೆ ಮಾತು ಮುಗಿಸದೆ ಹೋದವರು, ಅಷ್ಟೇ, ಎಂದ. ಆಮೇಲೆ ಕೆರೆ ಬಂತು, ಸಂಜೆ ಬಂತು, ಕರೆಯುವ ದನಿ ಬಂತು. ನಿಲ್ಲಬೇಕಾದ ಜಾಗದಲ್ಲಿ ನಿಲ್ಲಲಾಗದೆ, ಬಸ್ಸಿನಲ್ಲಿ ಕಂಡ ಕನಸನ್ನೇ ಕೊನೆಯ ಅಧ್ಯಾಯವೆಂದು ಹೇಳಿಬಿಟ್ಟ. ಹಿಂದಿನ ಸಾಲಿನ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣೊರೆಸಿಕೊಂಡರು.

ಹಸಿರು ಸೀರೆ ಎದ್ದು ನಿಂತಿತು.

"ಇದು ನನ್ನ ಕಾದಂಬರಿಯ ಕೊನೆ ಅಲ್ಲ" ಎಂದರು ಸ್ನೇಹಾ.

ಜಾಫರ್ ಬಾಗಿಲು ಎಷ್ಟು ದೂರವಿದೆ ಎಂದು ನೋಡಿದ.

"ಇಷ್ಟು ದಿನ ನನ್ನ ಪುಸ್ತಕದ ಮೇಲೆ ಮಾತಾಡಿದೋರೆಲ್ಲ ಗುಟ್ಟು ರಟ್ಟು ಮಾಡಿ ಹೋದ್ರು. ಇವರೊಬ್ಬರೇ ನೋಡ್ರಿ, ನಿಮ್ಮ ಓದಿನ ಸುಖ ಕೆಡಬಾರದು ಅಂತ ಬೇರೇನೇ ಒಂದು ಕೊನೆ ಕಟ್ಟಿ ಹೇಳಿದ್ರು. ಪೂರ್ತಿ ಓದಿ ಅರಗಿಸಿಕೊಂಡೋರಿಗೆ ಮಾತ್ರ ಇದು ಸಾಧ್ಯ!"

ಚಪ್ಪಾಳೆಗೆ ಫ್ಯಾನು ನಡುಗಿತು. ಹಾಗಾದರೆ ನಿಜವಾದ ಕೊನೆ ಏನೆಂದು ಸಭೆಗೆ ಸಭೆಯೇ ಪುಸ್ತಕದ ಮೇಜಿಗೆ ನುಗ್ಗಿತು. ಜಾಫರನೂ ನುಗ್ಗಿದ. ಕೊನೆಯ ಪ್ರತಿಗೆ ಕೈ ಚಾಚಿದ್ದ, ಜಂಬಯ್ಯ ಅದನ್ನು ಕಸಿದುಕೊಂಡರು. "ನಿಮಗ್ಯಾಕ್ರಿ, ಓದಿದೋರಿಗೆ?" ಆಲಿಯಾಳಿಗೂ ಸಿಗಲಿಲ್ಲ. ಸನ್ಮಾನದ ಶಾಲು ಹೊದ್ದು ಜಾಫರ್ ಹೊರಬಂದ. ಇಡೀ ಹರಿಹರ ಪುಸ್ತಕದಲ್ಲಿ ಮುಖ ಹುದುಗಿಸಿ ನಡೆಯುತ್ತಿದ್ದಂತೆ ಅವನಿಗೆ ಕಂಡಿತು.

ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ಜಂಬಯ್ಯ ಓದುತ್ತಿದ್ದರು. ಭಾನುವಳ್ಳಿಯ ಬಸ್ಸು ಬಂತು, ಹೋಯಿತು; ಅವರು ತಲೆ ಎತ್ತಲಿಲ್ಲ. ಜಾಫರನೂ ತನ್ನ ಬಸ್ಸು ಬಿಟ್ಟು ಪಕ್ಕದಲ್ಲೇ ಕೂತ. ಮೆಲ್ಲಗೆ ಕತ್ತು ಚಾಚಿದ. ಜಂಬಯ್ಯನವರ ಹೆಬ್ಬೆರಳು ಬೇಕಾದ ಸಾಲಿನ ಮೇಲೆಯೇ ಇತ್ತು.

ಬಹಳ ಹೊತ್ತಿನ ಮೇಲೆ ಅವರು ಪುಸ್ತಕ ಮುಚ್ಚಿ, ಎದೆಗೊತ್ತಿಕೊಂಡು, ಆಕಾಶ ನೋಡಿದರು.

"ಛೇ, ಛೇ! ಅವರು ಅಂತ ನಾನು ಕನಸಿನಾಗೂ ಅನ್ಕಂಡಿರಲಿಲ್ರಿ. ನಿಮಗೆ ಯಾವಾಗ ಗೊತ್ತಾತು ಸಾಬ್ರೆ, ನಿಜ ಹೇಳ್ರಿ?"

ಜಾಫರ್ ಶಾಲು ಸರಿಮಾಡಿಕೊಂಡ.

"ಮೊದಲನೇ ಅಧ್ಯಾಯದಾಗೇ ಗೊತ್ತಾತು ಮೇಷ್ಟ್ರೆ" ಎಂದ.