ಪಡಸಾಲೆಯಲ್ಲಿ ಹುಟ್ಟಿದ ಕ್ಯಾಬರೆ

ಸಂಗೀತ ಕಲಿಸುವವರ ಮನೆಯಲ್ಲಿ ಫಜೀತಿಗಳಿಗೆ ಬರವಿಲ್ಲ. ಆದರೆ ನಲವತ್ತಾರರ ವಯಸ್ಸಿನಲ್ಲಿ ನಾನೇ ಕೈಯಾರೆ ತಂದುಕೊಂಡ ಫಜೀತಿಯ ಕತೆಯೇ ಬೇರೆ.

ಕುಂದಗೋಳದ ನಮ್ಮ ಮನೆಯ ಪಡಸಾಲೆಯಲ್ಲಿ ಇಪ್ಪತ್ತು ವರ್ಷದಿಂದ ಹುಡುಗಿಯರಿಗೆ ಹಿಂದೂಸ್ತಾನಿ ಕಲಿಸುತ್ತಿದ್ದೇನೆ. ಗುರುಗಳು ಕೊಟ್ಟದ್ದನ್ನೇ ಹಾಡಿ ಹಾಡಿ, ಒಮ್ಮೆಯಾದರೂ ನನ್ನ ಮಾತು ಹಾಡಬೇಕೆಂಬ ಆಸೆ ಹುಟ್ಟಿತು. ಮೊಬೈಲಿನಲ್ಲಿ ಯಾವುದೋ ದೇಶದ ಹೆಂಗಸೊಬ್ಬಳ ಕ್ಯಾಬರೆ ನೋಡಿದೆ. ಹಳೆಯ ಸಿನಿಮಾಗಳ ಕುಣಿತವಲ್ಲ ಅದು. ಒಬ್ಬಳೇ ನಿಂತು ತನ್ನ ಬದುಕನ್ನು ಹಾಡಿ, ಮಾತಾಡಿ, ಟೇಬಲ್ಲುಗಳ ಸುತ್ತ ಕೂತವರನ್ನು ನಗಿಸುವುದು. ನನಗೂ ಅಂಥದ್ದೊಂದು ಕಟ್ಟಬೇಕೆನಿಸಿತು.

ಹಾಡುಗಳನ್ನು ಬರೆದೆ. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ನನ್ನ ಅತ್ತೆಯ ಮೇಲಿನದು. ಭಯ ಶುರುವಾದದ್ದೂ ಅಲ್ಲಿಂದಲೇ. ಪಡಸಾಲೆ ಅತ್ತೆಯದು. ಹುಡುಗಿಯರನ್ನು ಕ್ಲಾಸಿಗೆ ಕಳಿಸುವ ಅಜ್ಜಿಯರೆಲ್ಲ ಅತ್ತೆಯ ಭಜನಾ ಮಂಡಳಿಯವರು. ಅತ್ತೆ ಮುನಿಸಿಕೊಂಡರೆ ನನ್ನ ಕ್ಲಾಸು ಮುಗಿದಂತೆ.

೧

ಮೊದಲು ಅತ್ತೆಯ ಒಪ್ಪಿಗೆ ಬೇಕಲ್ಲ. ಅವರು ಅವರೇಕಾಯಿ ಸುಲಿಯುತ್ತಿದ್ದಾಗ ಹೋಗಿ ಕೂತೆ.

"ಅತ್ತ್ಯಾರ, ನಾ ಒಂದು ಕ್ಯಾಬರೆ ಮಾಡಬೇಕಂತೀನ್ರಿ."

"ಅಂದ್ರೇನ?"

"ಒಬ್ಬಾಕೀನ ನಿಂತು ಹಾಡೂದ್ರಿ. ನಡುನಡುವ ಕತಿ ಹೇಳೂದು, ಮಂದೀನ ನಗಸೂದು."

"ಕೀರ್ತನಿ ಅನ್ನು ಮತ್ತ."

"ಅಲ್ರಿ, ತಲಿಗೆ ಟೊಪಗಿ ಹಾಕ್ಕೋತೀನ್ರಿ."

ಅತ್ತೆ ಕಾಯಿಯಿಂದ ಕಣ್ಣೆತ್ತಲಿಲ್ಲ. "ಕೀರ್ತನಕಾರ್ರು ಪೇಟಾ ಸುತ್ತಿರತಾರ. ನೀ ಟೊಪಗಿ ಹಾಕ್ಕೋ. ನಮ್ಮ ಮಂಡಳಿ ಪೂರಾ ಬರತೈತಿ, ಮುಂದಿನ ಸಾಲು ನಮಗ ಇಡು."

ಒಪ್ಪಿಗೆ ಸಿಕ್ಕಿತು. ಅಂದು ನನಗೆ ಊಟ ಸೇರಲಿಲ್ಲ.

೨

ತಬಲಾ ಬಾರಿಸಲು ಕುಬಿಹಾಳದ ರೈತರೊಬ್ಬರನ್ನು ಕರೆಸಿದೆ. ಬಸ್ಸು ತಪ್ಪಿಸಿಕೊಂಡ ಹೆಂಗಸಿನ ಹಾಡಿನಿಂದ ತಾಲೀಮು ಆರಂಭ. "ಹೋತಲ್ಲೋ ನನ್ನ ಬಸ್ಸು" ಎಂಬುದು ಮೊದಲ ಸಾಲು. ಮೂರು ನಿಮಿಷದ ಹಾಡು ಅದು. ಆದರೆ ಹಳೆಯ ಚಟ ಬಿಡಬೇಕಲ್ಲ! ಅದೇ ಸಾಲನ್ನು ವಿಲಂಬಿತದ ನಿಧಾನ ಲಯದಲ್ಲಿ ಎತ್ತಿಕೊಂಡು, ಒಂದೊಂದೇ ಸ್ವರ ಏರುತ್ತ, ಕಣ್ಣು ಮುಚ್ಚಿ ಬೆಳೆಸಿದ್ದೇ ಬೆಳೆಸಿದ್ದು. ಅರ್ಧ ತಾಸಾದರೂ ಎರಡನೆಯ ಸಾಲಿಗೆ ಬಂದಿರಲಿಲ್ಲ.

ತಬಲಾದವರು ಕೈ ನಿಲ್ಲಿಸಿ ಅಗದಿ ವಿನಯದಿಂದ ಹೇಳಿದರು: "ಅಕ್ಕಾರ, ಇಷ್ಟೊತ್ತಿಗೆ ಮುಂದಿನ ಬಸ್ಸು ಬಂದಿರತೈತ್ರಿ."

೩

ಮಿಂಚುವ ಕರಿ ಕೋಟು ಹೊಲಿಸಲು ಟೇಲರ್ ಹತ್ತಿರ ಹೋದೆ. ಅವರು ಊರೂರಿನ ನಾಟಕಗಳಿಗೆ ಬಟ್ಟೆ ಹೊಲಿದವರು.

"ಯಾವ ಪಾತ್ರರೀ?"

"ನಂದ ಪಾತ್ರರೀ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡರು. "ಅದಕ್ಕ ಮನ್ಯಾಗ ಉಡೂ ಸೀರಿ ಸಾಕಲ್ರಿ!"

೪

ಆ ದಿನ ಬಂದೇಬಿಟ್ಟಿತು. ಸಂಜೆ ನಾಲ್ಕಕ್ಕೆ ಸಮುದಾಯ ಭವನದಲ್ಲಿ ಟೇಬಲ್ಲು ಹಾಕಿಸಿ ಚಹಾ ಇಡಿಸಿದ್ದೆ. ಮಂಡಳಿಯ ಇಪ್ಪತ್ತು ಅಜ್ಜಿಯರು ಬಂದವರೇ ಚೀಲಗಳನ್ನು ಟೇಬಲ್ಲಿನ ಮೇಲಿಟ್ಟು, ತಾವು ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತರು. ನಟ್ಟನಡುವೆ ಅತ್ತೆ. ಎಲ್ಲರ ಕೈಯಲ್ಲೂ ತಾಳ.

ಅತ್ತೆಯ ಹಾಡನ್ನು ಬಿಟ್ಟುಬಿಡೋಣವೆಂದು ಹತ್ತು ಸಲ ಅಂದುಕೊಂಡೆ. ಆದರೆ ಇಷ್ಟೆಲ್ಲ ಮಾಡಿದ್ದು ಅದಕ್ಕಾಗಿಯೇ ಅಲ್ಲವೇ? ದೇವರ ಮೇಲೆ ಭಾರ ಹಾಕಿ ಎತ್ತಿಕೊಂಡೆ:

"ಕೀಲಿಕೈ ಅತ್ತಿ ಸೆರಗಿನಾಗ,
ಸಕ್ರಿ ಡಬ್ಬಿ ಕಪಾಟಿನಾಗ..."

ಭಜನೆಯಲ್ಲಿ ಮುಂದಾಳು ಹಾಡಿದ ಸಾಲನ್ನು ಉಳಿದವರು ತಿರುಗಿ ಹೇಳಬೇಕಲ್ಲ, ಇಪ್ಪತ್ತು ಕಂಠಗಳೂ ಒಮ್ಮೆಗೇ ಎದ್ದವು: "ಕೀಲಿಕೈ ಅತ್ತಿ ಸೆರಗಿನಾಗ!" ತಾಳ ಝಣಝಣ. ಎಲ್ಲರಿಗಿಂತ ಜೋರು ನಮ್ಮ ಅತ್ತೆ, ಕಣ್ಣು ಮುಚ್ಚಿ, ತಲೆ ತೂಗುತ್ತ.

ನನ್ನ ಹಾಡು ಅಲ್ಲಿಗೇ ನಿಂತುಹೋಯಿತು. ಅತ್ತೆ ಕಣ್ಣು ತೆರೆದರು.

"ಯಾಕ ನಿಂದರಸಿದಿ? ಈಗರೆ ರಂಗ ಏರಿತ್ತು. ಮುಂದಿನ ನುಡಿ ಹೇಳು!"

ಹೇಳಿದೆ. ಬೇರೆ ದಾರಿಯೇ ಇರಲಿಲ್ಲ.

"ಮಗಳು ಬಂದ್ರ ಹೋಳಿಗಿ ತುಪ್ಪ,
ಸೊಸಿ ಗಂಗಾಳದಾಗ ಸಾರೂ ಸಪ್ಪ..."

ಅದನ್ನಂತೂ ಮೂರು ಸಲ ಹೇಳಿಸಿದರು.

ಮುಗಿದ ಮೇಲೆ ಅತ್ತೆ ನೆಟ್ಟಗೆ ವೇದಿಕೆಗೇ ಬಂದು ನನ್ನ ಕೈ ಹಿಡಿದರು. ಇನ್ನು ಪಡಸಾಲೆಗೆ ಬೀಗ ಬಿತ್ತೆಂದೇ ತಿಳಿದೆ.

"ಖರೆ ಹೇಳು, ಆ ಅತ್ತಿ ಯಾರು?"

"ಯಾರೂ ಅಲ್ರಿ... ಸುಮ್ನ ಬರದದ್ರಿ."

"ನನ್ನ ಮುಂದ ಮುಚ್ಚಿಡತೀಯೇನ? ಮೊದಲನೇ ಸಾಲಿಗೇ ಗುರ್ತು ಹಿಡದೀನಿ ನಾ."

ನಾನು ಕಣ್ಣು ಮುಚ್ಚಿಕೊಂಡೆ. ಅತ್ತೆ ಕಿವಿಯ ಹತ್ತಿರ ಬಾಗಿದರು.

"ನಿಮ್ಮವ್ವ ಹೌದಲ್ಲ? ಪಾಪ, ನಿಮ್ಮಣ್ಣನ ಹೆಂಡ್ತಿ ಆ ಮನ್ಯಾಗ ಹೆಂಗ ಬಾಳೇವು ಮಾಡತಾಳೋ! ದೇವಿಕೊಪ್ಪದಾಗ ನಿನ್ನ ತವರಮನಿ ಮುಂದನ ಒಂದು ಸಲ ಹಾಡೂಣು ನಡಿ. ಅಕಿಗೂ ಒಂದೀಟು ಬುದ್ಧಿ ಬರಲಿ."