ಹಿಮಕ್ಕೂ ಜಗ್ಗದ ಸೊಪ್ಪು ಕೋಟೇಶ್ವರಕ್ಕೆ ಬಂದದ್ದು

ಮುಂಬೈಯ ಹೋಟೆಲಿನಲ್ಲಿ ತಲೆ ಬೆಳ್ಳಗಾಗುವವರೆಗೆ ಇಡ್ಲಿ, ದೋಸೆ ಮಾರಿ ಕೋಟೇಶ್ವರದ ಮನೆಗೆ ಮರಳಿದವನು ನಾನು. ಒಂದು ಹಿಡಿ ಉದ್ದಿನಬೇಳೆಯನ್ನು ಮೂಗಿಗೆ ಹಿಡಿದರೆ ಸಾಕು, ಹೊಸತೋ ಹಳತೋ, ದೋಸೆಗೋ ವಡೆಗೋ ಎಂದು ತೀರ್ಪು ಕೊಡಬಲ್ಲೆ. ಇಂಥ ತಜ್ಞನಿಗೆ ದನದ ಮೇವಿಗೆ ಒಂದು ಸೊಪ್ಪಿನ ತಳಿ ಆರಿಸುವುದು ಯಾವ ಮಹಾ ಕೆಲಸ?

ನಮ್ಮೂರಿನ ದನ ಸಾಕುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಬೈಹುಲ್ಲು ಹಾಕುತ್ತಾರೆ, ಅಕ್ಕಿ ತೊಳೆದ ಅಕ್ಕಚ್ಚು ಕುಡಿಸುತ್ತಾರೆ, ಆಮೇಲೆ ಡೇರಿಯಲ್ಲಿ ನಿಂತು ಹಾಲು ಇಳಿಯಿತೆಂದು ಗೊಣಗುತ್ತಾರೆ. ಒಂದು ದಿನ ಅಲ್ಲೇ ಘೋಷಿಸಿಬಿಟ್ಟೆ. ಆಲ್ಫಾಲ್ಫಾ, ಅಂದರೆ ಕುದುರೆ ಮಸಾಲೆ ಸೊಪ್ಪನ್ನು ಬೆಳೆದು ತೋರಿಸುತ್ತೇನೆ. ಆಗದಿದ್ದರೆ ನಮ್ಮ ಹಟ್ಟಿಯ ಸಗಣಿಯನ್ನು ವರ್ಷವಿಡೀ ನಾನೇ ಬಾಚುತ್ತೇನೆ! ಡೇರಿಯ ಅಧ್ಯಕ್ಷರು ಈ ಮಾತನ್ನು ಎಲ್ಲರೆದುರು ಇನ್ನೊಮ್ಮೆ ಹೇಳಿಸಿದರು.

ತಳಿ ಆರಿಸಲು ಫೋನಿನಲ್ಲಿ ವೀಡಿಯೊ ನೋಡುತ್ತ ಕೂತೆ. ಒಂದು ತಳಿ ಕೊಯ್ದಷ್ಟೂ ಚಿಗುರುತ್ತದಂತೆ, ಇನ್ನೊಂದು ಸೊಂಟದೆತ್ತರ ಬರುತ್ತದಂತೆ. ಕೃಷಿ ಓದಿ ಬ್ರಹ್ಮಾವರದಲ್ಲಿರುವ ನನ್ನ ಹೆಂಡತಿಯ ತಮ್ಮನಿಗೆ ವಿಷಯ ಗೊತ್ತಾಗಿ ಅವನೇ ಫೋನ್ ಮಾಡಿದ.

"ಭಾವ, ತಳಿ ಕಡಿಕ್ ಕಾಂಬ, ಮೊದ್ಲ್ ಮಣ್ಣ್ ಕಾಣಿ. ನಮ್ ಬದಿ ಮಣ್ಣ್ ಹುಳಿ, ಆ ಸೊಪ್ಪಿಗೆ ಆತಿಲ್ಲೆ."

ತಳಿ ಆಮೇಲೆ, ಮೊದಲು ಮಣ್ಣು ನೋಡಬೇಕಂತೆ! ಓದಿದವರಿಗೆ ಎಲ್ಲದರಲ್ಲೂ ಮೊದಲು ಕಾಣುವುದು ತೊಂದರೆಯೇ ಎಂದುಕೊಂಡು ಫೋನ್ ಇಟ್ಟೆ. ಕೊನೆಗೆ ಬಹು ಗಂಭೀರವಾಗಿ ಆಲೋಚಿಸಿ ಒಂದು ವಿದೇಶಿ ತಳಿಯನ್ನು ಆರಿಸಿದೆ. ಹಿಮ ಬಿದ್ದರೂ ಅದು ಸಾಯುವುದಿಲ್ಲವೆಂದು ಪೊಟ್ಟಣದ ಮೇಲೆಯೇ ಬರೆದಿತ್ತು. ಹಿಮಕ್ಕೇ ಜಗ್ಗದ್ದು ಕೋಟೇಶ್ವರದ ಬಿಸಿಲಿಗೆ ಜಗ್ಗುತ್ತದೆಯೇ?

ಭತ್ತ ಕೊಯ್ದ ಮೇಲೆ ನನ್ನ ಹೆಂಡತಿ ಗುಲಾಬಿ ಪ್ರತಿವರ್ಷ ಉದ್ದು ಬಿತ್ತುವ ಗದ್ದೆಯೊಂದಿದೆ. ಅದನ್ನೇ ಕೇಳಿದೆ.

"ಅದ್ ಉದ್ದ್ ಹಾಕೂ ಗದ್ದಿ. ವರ್ಷದ್ ದ್ವಾಸಿಗೆ ಎಂತ ಮಾಡೂದ್?" ಎಂದಳು.

ದೇಶ ಹಾಲಿನ ಬಗ್ಗೆ ಚಿಂತಿಸುತ್ತಿರುವಾಗ ನೀನು ದೋಸೆಯ ಬಗ್ಗೆ ಚಿಂತಿಸುತ್ತೀಯಲ್ಲ ಎಂದು ಒಂದು ಭಾಷಣ ಬಿಗಿದೆ. ದೋಸೆ ಮಾರಿಯೇ ಬದುಕಿದ ಬಾಯಿಯಲ್ಲಿ ಇಂಥ ಮಾತು! ಅವಳು ದೋಸೆಗೆ ಹಿಟ್ಟು ರುಬ್ಬಲು ಒಳಗೆ ಹೋದಳು.

ಬೀಜ ಎರಚಿ ದಿನಾ ಬೆಳಿಗ್ಗೆ ಬಗ್ಗಿ ನೋಡಿದೆ. ಅಲ್ಲೊಂದು ಇಲ್ಲೊಂದು ಎಳೆ ಎದ್ದು, ಹಳದಿಯಾಗಿ, ಮಲಗಿತು. ಅಷ್ಟರಲ್ಲಿ ಬೈಂದೂರಿನಲ್ಲಿ ಅಣ್ಣನ ಮಗ ಹೋಟೆಲು ತೆರೆದ. ಸಾಂಬಾರಿಗೆ ಸಲಹೆ ಕೊಡಲು ಹೋದವನು ವಾರ ಕಳೆದು ಬಂದು ನೋಡಿದರೆ ಗದ್ದೆ ತುಂಬ ಹಸಿರು ಮೊಳಕೆ! ಮಣ್ಣೂ ಸಡಿಲವಾಗಿತ್ತು. ಈ ಸೊಪ್ಪಿನ ಬೇರು ಬಹಳ ಆಳಕ್ಕೆ ಇಳಿಯುತ್ತದೆಂದು ಕೇಳಿದ್ದೆನಲ್ಲ, ಬೇರೇ ಮಣ್ಣನ್ನು ಸಡಿಲಿಸಿದೆ ಎಂದುಕೊಂಡೆ. ಸ್ವಲ್ಪ ದಿನದಲ್ಲಿ ಮೂರು ಮೂರು ಎಲೆ ಬಂತು. ಪೊಟ್ಟಣದ ಚಿತ್ರದಲ್ಲೂ ಮೂರೇ ಎಲೆ. ಇನ್ನೇನು ಬೇಕು?

ಭತ್ತದ ಕೊಯ್ಲು ಮುಗಿದ ಮೇಲೆ ಊರಿನ ದನಗಳನ್ನು ಬೈಲಿಗೆ ಬಿಡುವುದು ವಾಡಿಕೆ. ನಾನು ಬೆವರು ಸುರಿಸಿ ಸುತ್ತ ಬೇಲಿ ಕಟ್ಟಿದೆ. ನವಿಲು ಬಂದರೆ ತಗಡು ಬಡಿದೆ. ಹೂ ಬಿಟ್ಟಾಗ ಮಾತ್ರ ಸ್ವಲ್ಪ ಕಸಿವಿಸಿಯಾಯಿತು. ಚಿತ್ರದಲ್ಲಿ ನೇರಳೆ ಹೂ, ನಮ್ಮದು ಹಳದಿ. ನಮ್ಮ ಮಣ್ಣಿಗೆ ಬಣ್ಣ ತಿರುಗಿದೆ ಎಂದು ಡೇರಿಯಲ್ಲಿ ವೈಜ್ಞಾನಿಕ ವಿವರಣೆ ಕೊಟ್ಟೆ. ಒಂದು ಹಿಡಿ ಕಿತ್ತು ನಮ್ಮ ಹಸು ಕೆಂಪಿಗೆ ಹಾಕಿದೆ, ಅದು ಕೈಯನ್ನೂ ನೆಕ್ಕಿತು. ಮೇವನ್ನು ಹೂವಿರುವಾಗಲೇ ಕೊಯ್ಯಬೇಕೆಂದು ಕತ್ತಿ ತೆಗೆದರೆ ಗುಲಾಬಿ ತಡೆದಳು. ನಾಲ್ಕು ಜನರಿಗೆ ತೋರಿಸಿ ಆಮೇಲೆ ಕೊಯ್ಯಿರಿ ಎಂದಳು. ನನ್ನ ಮೇಲೆ ಇವಳಿಗೆ ಈ ವಯಸ್ಸಿನಲ್ಲಾದರೂ ಗೌರವ ಹುಟ್ಟಿತಲ್ಲ ಎಂದು ನಿಜವಾಗಿಯೂ ಖುಷಿಯಾಯಿತು.

ಕೆಲವು ವಾರ ಕಳೆದು ಡೇರಿಯ ಅಧ್ಯಕ್ಷರು ಸದಸ್ಯರನ್ನು ಕರೆದುಕೊಂಡು ಬಂದರು. ನಾನು ಗದ್ದೆಯ ಅಂಚಿನಲ್ಲಿ ನಿಂತು ಹಿಮ, ಬೇರು, ವಿದೇಶ ಎಂದೆಲ್ಲ ವಿವರಿಸಿದೆ. ಅಧ್ಯಕ್ಷರು ಗಿಡದಿಂದ ಒಂದು ಕೋಡು ಕಿತ್ತು, ಉಜ್ಜಿ, ಅಂಗೈಯನ್ನು ನನ್ನ ಮೂಗಿನ ಹತ್ತಿರ ತಂದರು. ಅಂಗೈಯಲ್ಲಿ ಕರಿ ಕಾಳು.

"ಹ್ವಾಯ್, ಇದ್ ಉದ್ದಲ್ದಾ?"

ಮೂಗು ಮೋಸ ಮಾಡಲಿಲ್ಲ. ಉದ್ದೇ. ಜೀವಮಾನವಿಡೀ ಮೂಟೆಗಟ್ಟಲೆ ರುಬ್ಬಿಸಿದವನಿಗೆ ಅದರ ಗಿಡ ಹೇಗಿರುತ್ತದೆಂದು ಗೊತ್ತಿರಲಿಲ್ಲ. ನಾಚಿಕೆಯಿಂದ ಕಿವಿ ಕಾದು, ಗುಲಾಬಿಯತ್ತ ತಿರುಗಿದೆ. ನಾನು ಬೈಂದೂರಿನಲ್ಲಿದ್ದಾಗ ಅವಳು ಟಿಲ್ಲರ್ ಹೊಡೆಸಿ ಉದ್ದು ಬಿತ್ತಿದ್ದಳು. ಮೊದಲೇ ಹೇಳಬಾರದಿತ್ತೇ ಎಂದು ಹಲ್ಲು ಕಚ್ಚಿ ಕೇಳಿದೆ.

"ಹೇಳಿರೆ ನೀವ್ ಬೇಲಿ ಕಟ್ತಿದ್ರ್ಯಾ?" ಎಂದಳು.

ಈ ಸಲ ಉದ್ದು ಹಿಂದೆಂದೂ ಆಗದಷ್ಟು ಆಯಿತು. ದೋಸೆಯಂತೂ ನನ್ನ ಹೋಟೆಲಿನಲ್ಲೂ ಅಷ್ಟು ಚೆನ್ನಾಗಿ ಬಂದದ್ದಿಲ್ಲ. ಕಾಳು ಬಡಿದು ಉಳಿದ ಹೊಟ್ಟನ್ನು ಕೆಂಪಿ ಕಣ್ಣು ಮುಚ್ಚಿ ಮೆಲ್ಲುತ್ತದೆ, ಬೇಕಾದಷ್ಟು ಸಗಣಿಯನ್ನೂ ಹಾಕುತ್ತದೆ. ಅಧ್ಯಕ್ಷರು ಡೇರಿಗೆ ಹೋಗುವಾಗ, ನಾನು ಬಾಚುತ್ತಿದ್ದೇನೆಯೇ ಎಂದು ದಿನಾ ನಮ್ಮ ಹಟ್ಟಿಗೆ ಇಣುಕುತ್ತಾರೆ. ಕೋಟೇಶ್ವರದಲ್ಲಿ ಹಿಮ ಬಿದ್ದರೂ ನನಗೆ ರಜೆಯಿಲ್ಲ.